ಒಡೆದ ಚಿಪ್ಪು: ಮುಚ್ಚಬೇಕೆ, ತೆರೆದಿಡಬೇಕೆ, ಹಿಡಿದಿಡಬೇಕೆ?

ಭಾನುವಾರ ಬೆಳಿಗ್ಗೆ, ಟಬ್ಬಿನ ನೀರು ಬದಲಿಸುವ ಹೊತ್ತು. ಅಂಗೈಯಗಲದ ಆಮೆಯನ್ನು ಬಿಸಿಲು ಕಾಯಲೆಂದು ಬಾಲ್ಕನಿಯ ಕಟ್ಟೆಯ ಮೇಲೆ ಬಿಟ್ಟು ಮಗು ಒಳಗೆ ಹೋಗುತ್ತದೆ. ಬಂದು ನೋಡಿದರೆ ಕಟ್ಟೆ ಖಾಲಿ. ಆಮೆ ಕೆಳಗಿನ ಸಿಮೆಂಟಿನ ಅಂಗಳದಲ್ಲಿ ಬಿದ್ದಿದೆ. ಎತ್ತಿಕೊಂಡಾಗ ಬೆನ್ನಿನ ಬಲಕ್ಕೆ ಒಂದು ಗೆರೆ ಕಾಣುತ್ತದೆ. ಗೆರೆಯುದ್ದಕ್ಕೂ ರಕ್ತ ಸಣ್ಣಗೆ ಜಿನುಗಿ ಅಲ್ಲಲ್ಲಿ ಮಣಿಗಟ್ಟಿದೆ. ಒಂದು ತುದಿಯಲ್ಲಿ ಕಡಲೆಬೇಳೆಯಷ್ಟು ಚೂರು ಒಳಕ್ಕೆ ಕುಸಿದು, ಅದರ ಅಂಚಿನಲ್ಲಿ ಬಿಳಿಯ ಮೂಳೆ ಇಣುಕುತ್ತಿದೆ. ಆಮೆ ತಲೆಯನ್ನು ಒಳಗೆಳೆದುಕೊಂಡು ಅಲುಗಾಡದೆ ಕೂತಿದೆ.

ಮನೆಮಂದಿ ಸುತ್ತ ಸೇರುತ್ತಾರೆ. ‘ಫೆವಿಕ್ವಿಕ್ ಹಾಕಿ ಅಂಟಿಸಿಬಿಡಿ’ ಎನ್ನುತ್ತಾರೆ ಒಬ್ಬರು. ‘ಅರಿಶಿನ ಹಚ್ಚಿ ಬಿಡಿ, ತಾನೇ ಕೂಡಿಕೊಳ್ಳುತ್ತೆ’ ಎನ್ನುತ್ತಾರೆ ಅಜ್ಜಿ. ‘ಆಸ್ಪತ್ರೆಗೆ ಒಯ್ದು ತಂತಿ ಹಾಕಿಸೋಣ’ ಎನ್ನುವುದು ಮೂರನೆಯವರ ಮಾತು. ಗಾಬರಿಯಲ್ಲಿ ಹುಟ್ಟಿದ ಈ ಮೂರು ಸಲಹೆಗಳ ಹಿಂದೆ ಪಶುವೈದ್ಯಲೋಕ ದಶಕಗಳಿಂದ ನಡೆಸುತ್ತಿರುವ ಒಂದು ಚರ್ಚೆಯೇ ಇದೆ. ಒಡೆದ ಚಿಪ್ಪನ್ನು ಮುಚ್ಚಬೇಕೆ, ತೆರೆದಿಡಬೇಕೆ, ಮುಚ್ಚದೆ ಹಿಡಿದಿಡಬೇಕೆ? ಈ ಚರ್ಚೆ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇದು.

ಚಿಪ್ಪು ಎಂಬ ಪದ ಮರೆಮಾಡಿದ್ದು

ಕನ್ನಡದಲ್ಲಿ ತೆಂಗಿನಕಾಯಿಗೂ ಚಿಪ್ಪು, ಬಸವನಹುಳುವಿಗೂ ಚಿಪ್ಪು, ಆಮೆಗೂ ಚಿಪ್ಪು. ಒಂದೇ ಪದ ಮೂರಕ್ಕೂ ಸಲ್ಲುವುದರಿಂದ ಮೂರೂ ಒಂದೇ ಬಗೆಯ ಹೊರಕವಚ ಎಂದುಕೊಳ್ಳುತ್ತೇವೆ. ಬಸವನಹುಳುವಿನ ಚಿಪ್ಪು ಅದು ಸ್ರವಿಸಿ ಕಟ್ಟಿಕೊಂಡ ಸುಣ್ಣದ ಗೂಡು. ಆಮೆಯದು ಹಾಗಲ್ಲ, ಅದು ಮೂಳೆ. ಪಕ್ಕೆಲುಬು ಮತ್ತು ಬೆನ್ನೆಲುಬಿನ ಮೂಳೆಗಳು ಅಗಲವಾಗಿ ಒಂದಕ್ಕೊಂದು ಬೆಸೆದುಕೊಂಡು ಬೆನ್ನುಚಿಪ್ಪಾಗಿವೆ. ಕೆಳಗಡೆ ಹೊಟ್ಟೆಚಿಪ್ಪು, ಎರಡನ್ನೂ ಪಕ್ಕದಲ್ಲಿ ಜೋಡಿಸುವುದು ಸೇತುಭಾಗ. ಎಲ್ಲ ಸೇರಿ ಸುಮಾರು 50 ಮೂಳೆಗಳು.

ಈ ಜೋಡಣೆ ಎಷ್ಟು ಹಳೆಯದು ಎಂಬುದಕ್ಕೆ ಚೀನಾದಲ್ಲಿ ಸಿಕ್ಕ ಒಡಾಂಟೊಕೆಲಿಸ್ ಎಂಬ ಪಳೆಯುಳಿಕೆ ಸಾಕ್ಷಿ. 2008ರಲ್ಲಿ ವಿಜ್ಞಾನಿಗಳು ವಿವರಿಸಿದ ಈ ಜೀವಿ ಸುಮಾರು 22 ಕೋಟಿ ವರ್ಷಗಳ ಹಿಂದಿನದು. ಅದಕ್ಕೆ ಹೊಟ್ಟೆಚಿಪ್ಪು ಪೂರ್ತಿ ಬೆಳೆದಿತ್ತು. ಬೆನ್ನಿನ ಮೇಲೆ ಮಾತ್ರ ಇನ್ನೂ ಅಗಲಗೊಂಡ ಪಕ್ಕೆಲುಬುಗಳೇ ಇದ್ದವು. ಆಮೆಯ ಚಿಪ್ಪು ಹೊರಗಿನಿಂದ ಬಂದು ಕೂತದ್ದಲ್ಲ, ಒಳಗಿನ ಅಸ್ಥಿಪಂಜರವೇ ಹಿಗ್ಗಿ ಆದದ್ದು.

ಮೂಳೆಯ ಮೇಲೆ ಕೆರಾಟಿನ್ ಫಲಕಗಳ ಹೊದಿಕೆ. ನಮ್ಮ ಉಗುರು ಯಾವ ವಸ್ತುವಿನದೋ ಅದೇ. ಹೆಚ್ಚಿನ ಆಮೆಗಳ ಬೆನ್ನಿನ ಮೇಲೆ ಇಂಥ 38 ಫಲಕಗಳಿರುತ್ತವೆ. ಫಲಕಗಳ ಸಂದು ಮತ್ತು ಕೆಳಗಿನ ಮೂಳೆಗಳ ಸಂದು ಒಂದರ ಮೇಲೊಂದು ಬರುವುದಿಲ್ಲ. ಇಟ್ಟಿಗೆ ಗೋಡೆ ಕಟ್ಟುವಾಗ ಗಾರೆಯವರು ಸಂದಿನ ಮೇಲೆ ಸಂದು ಬಾರದಂತೆ ನೋಡಿಕೊಳ್ಳುತ್ತಾರಲ್ಲ, ಅದೇ ಕಾರಣಕ್ಕೆ ಆಮೆಯ ಬೆನ್ನೂ ಗಟ್ಟಿ. ಫಲಕದ ಕೆಳಗೆ ರಕ್ತನಾಳಗಳಿವೆ, ನರಗಳಿವೆ. ಚಿಪ್ಪನ್ನು ಮೆಲ್ಲಗೆ ಸವರಿದರೂ ಆಮೆಗೆ ತಿಳಿಯುತ್ತದೆ, ಒಡೆದರೆ ನೋಯುತ್ತದೆ.

ಚಿಪ್ಪಿನ ಚಿಕಿತ್ಸೆಯ ಇತಿಹಾಸವೆಂದರೆ, ನನಗೆ ಕಾಣುವಂತೆ, ಈ ಒಂದು ಸಂಗತಿ ನಿಧಾನವಾಗಿ ಅರಿವಿಗೆ ಬಂದ ಕಥೆ. ಪಾತ್ರೆಯ ಬಿರುಕಿಗೆ ಬೆಸುಗೆ ಹಾಕುವ ಬುದ್ಧಿಯಿಂದ ಹೊರಟವರು ಮುರಿದ ಮೂಳೆಯನ್ನು ಸಲಹುವ ಬುದ್ಧಿಗೆ ಬಂದು ತಲುಪಿದ್ದಾರೆ.

ಬಿದ್ದಾಗ ಏನಾಗುತ್ತದೆ

ಹಂಸಗಳು ಹಿಡಿದ ಕೋಲನ್ನು ಕಚ್ಚಿಕೊಂಡು ಹಾರುತ್ತಿದ್ದ ಆಮೆ ಮಾತಾಡಲು ಬಾಯಿಬಿಟ್ಟು ಬಿದ್ದ ಪಂಚತಂತ್ರದ ಕಥೆ ನಮಗೆಲ್ಲ ಗೊತ್ತು. ಕಥೆಯಲ್ಲಿ ಬಿದ್ದ ಆಮೆಗೆ ಸಾವೇ ಗತಿ. ಆದರೆ ಕಥೆ ಕಟ್ಟಿದವರಿಗೆ ನಿಸರ್ಗದ ಒಂದು ಸತ್ಯ ತಿಳಿದಿತ್ತು: ಆಮೆಯ ಚಿಪ್ಪು ಹಲ್ಲಿಗೆ, ಉಗುರಿಗೆ ಸುಲಭವಾಗಿ ಜಗ್ಗುವುದಿಲ್ಲ, ಎತ್ತರದಿಂದ ಬಿದ್ದರೆ ಒಡೆಯುತ್ತದೆ. ಆಗ್ನೇಯ ಯೂರೋಪಿನ ಹೊನ್ನಹದ್ದುಗಳು ಆಮೆಯನ್ನು ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಕೆಡವಿ ತಿನ್ನುವುದು ಇದೇ ಗುಟ್ಟು ತಿಳಿದು. ಸುಮಾರು ಮೂರು ಮೀಟರ್ ಎತ್ತರದ ಮೊದಲ ಮಹಡಿಯಿಂದ ಬಿದ್ದ ಆಮೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 27 ಕಿಲೋಮೀಟರ್‌ನಷ್ಟು. ಅದು ತಪ್ಪಿಸಿಕೊಳ್ಳಲಾಗದೆ ಸ್ಕೂಟರಿಗೆ ಸಿಕ್ಕಂತೆಯೇ.

ಎಲ್ಲ ಬಿರುಕೂ ಒಂದೇ ಅಲ್ಲ. ಅಂಚಿನ ಫಲಕ ಚೂರು ಹಾರಿದ್ದರೆ ಅಪಾಯ ಕಡಿಮೆ. ಪಕ್ಕದ ಸೇತುಭಾಗ ಮುರಿದರೆ ಕಾಲಿನ ಪ್ರತಿ ಚಲನೆಗೂ ಮುರಿದ ತುದಿಗಳು ಅಲುಗುತ್ತವೆ. ಬೆನ್ನಿನ ನಡುಗೆರೆ ಮುರಿದರೆ ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಸೋಲಬಹುದು. ಎಲ್ಲ ಮುರಿತಗಳಲ್ಲಿ ವೈದ್ಯರು ಹೆಚ್ಚು ಹೆದರುವುದು ಇದಕ್ಕೇ. ಬೆನ್ನುಚಿಪ್ಪಿನ ಒಳಮೈಗೆ ಶ್ವಾಸಕೋಶ ಅಂಟಿಕೊಂಡೇ ಇರುವುದರಿಂದ ಕುಸಿದ ಚೂರು ಅದನ್ನು ಚುಚ್ಚಬಹುದು. ಬಿರುಕಿನಲ್ಲಿ ಗುಳ್ಳೆಗಳು ಎದ್ದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ.

ಆದರೂ ಇಲ್ಲಿ ಆಮೆಗೆ ಒಂದು ಅನುಕೂಲವಿದೆ. ನಮ್ಮ ಎದೆಗೂಡು ತೂತಾದರೆ ಶ್ವಾಸಕೋಶ ಕುಸಿಯುತ್ತದೆ, ಏಕೆಂದರೆ ನಾವು ಉಸಿರೆಳೆಯುವುದು ಪಕ್ಕೆಲುಬು ಹಿಗ್ಗಿಸಿ, ವಪೆಯನ್ನು ಕೆಳಗೆಳೆದು. ಆಮೆಯ ಪಕ್ಕೆಲುಬು ಹಿಗ್ಗುವಂತಿಲ್ಲ, ನಮ್ಮಂಥ ವಪೆಯೂ ಅದಕ್ಕಿಲ್ಲ. ಹೊಟ್ಟೆಯ ಸ್ನಾಯುಗಳನ್ನೂ ಕಾಲುಗಳ ಚಲನೆಯನ್ನೂ ಬಳಸಿ ಅದು ಉಸಿರಾಡುತ್ತದೆ. ಆದ್ದರಿಂದ ಚಿಪ್ಪು ತೆರೆದುಕೊಂಡಿದ್ದರೂ ಉಸಿರಾಟ ನಡೆಯುತ್ತಿರುತ್ತದೆ. ‘ಇಷ್ಟು ಒಡೆದಿದೆ, ಇನ್ನು ಉಳಿಯಲ್ಲ’ ಎಂದು ಕೈಚೆಲ್ಲಿದವರನ್ನು ಆಮೆಗಳು ಮತ್ತೆ ಮತ್ತೆ ಸುಳ್ಳಾಗಿಸಿರುವುದಕ್ಕೆ ಇದೂ ಒಂದು ಕಾರಣ.

ಮೊದಲ ಪಂಥ: ಮುಚ್ಚಿಬಿಡಿ

1970–80ರ ದಶಕಗಳಲ್ಲಿ ಒಡೆದ ಚಿಪ್ಪಿಗೆ ಒಪ್ಪಿತವಾಗಿದ್ದ ಚಿಕಿತ್ಸೆ ಫೈಬರ್‌ಗ್ಲಾಸ್ ಬಟ್ಟೆ ಮತ್ತು ಇಪಾಕ್ಸಿ ಅಂಟು. ಚೂರುಗಳನ್ನು ಜೋಡಿಸಿ, ಬಿರುಕಿನ ಮೇಲೆ ಫೈಬರ್‌ಗ್ಲಾಸ್ ತುಂಡನ್ನಿಟ್ಟು, ಅದರ ಮೇಲೆ ಅಂಟು ಸವರಿ ಒಣಗಿಸುವುದು. ದೋಣಿಯ ತಳ ರಿಪೇರಿ ಮಾಡುವ ವಿಧಾನವೇ ಇದು.

ಈ ಪಂಥದ ತರ್ಕ ತಳ್ಳಿಹಾಕುವಂಥದ್ದಲ್ಲ. ಮುರಿದ ಮೂಳೆ ಅಲುಗಬಾರದು ಎಂಬುದು ಮೂಳೆ ಚಿಕಿತ್ಸೆಯ ಮೊದಲ ಪಾಠ. ಗಟ್ಟಿ ಪಟ್ಟಿ ಅದನ್ನು ಸಾಧಿಸುತ್ತದೆ. ಎರಡನೆಯದು ನೀರು. ನೀರಾಮೆಯನ್ನು ತಿಂಗಳುಗಟ್ಟಲೆ ಒಣಗಿಸಿ ಇಡುವುದು ಕಷ್ಟ. ನೀರು ನುಗ್ಗದಂತೆ ಮುಚ್ಚಿದರೆ ಅದು ಬೇಗ ತನ್ನ ಟಬ್ಬಿಗೆ ಮರಳಬಹುದು.

ತೊಂದರೆ ಕಂಡದ್ದು ಮುಚ್ಚಿದ ಪಟ್ಟಿಯನ್ನು ತೆಗೆದಾಗ. ಒಳಗೆ ಸೇರಿಹೋಗಿದ್ದ ಮಣ್ಣು, ಬ್ಯಾಕ್ಟೀರಿಯಾ ಅಲ್ಲೇ ಬೆಳೆದಿರುತ್ತಿದ್ದವು. ಸಸ್ತನಿಗಳ ಕೀವು ನೀರಾಗಿ ಹರಿಯುತ್ತದೆ, ದಾರಿ ಮಾಡಿಕೊಟ್ಟರೆ ಸೋರಿಹೋಗುತ್ತದೆ. ಆಮೆಯ ಕೀವು ಗಿಣ್ಣಿನಂತೆ ಗಟ್ಟಿ. ಕೆರೆದು ತೆಗೆದರಷ್ಟೇ ಹೋಗುತ್ತದೆ, ಔಷಧವೂ ಅದರೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಇಂಥ ಕೀವಿನ ಮೇಲೆ ಮುಚ್ಚಳ ಹಾಕುವುದೆಂದರೆ ಸೋಂಕನ್ನು ಮೂಳೆಯೊಳಗೆ ಬಿತ್ತಿದಂತೆ. ಇಪಾಕ್ಸಿ ಗಟ್ಟಿಯಾಗುವಾಗ ಬಿಸಿಯೇರಿ ಜೀವಂತ ಅಂಗಾಂಶವನ್ನು ಸುಡಬಲ್ಲದು. ಅದು ಬಿರುಕಿನೊಳಕ್ಕೆ ಇಳಿದರೆ ಎರಡು ಮೂಳೆತುದಿಗಳ ನಡುವೆ ಗೋಡೆಯಾಗಿ ನಿಂತು, ಕೂಡಬೇಕಾದದ್ದನ್ನೇ ಕೂಡಗೊಡುವುದಿಲ್ಲ. ಮರಿಗಳಲ್ಲಿ ಇನ್ನೂ ಒಂದು ಕೆಡುಕು: ಚಿಪ್ಪು ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ, ಬೆನ್ನು ಸೊಟ್ಟಗಾಗುತ್ತದೆ.

ಈಗ ಸರೀಸೃಪ ವೈದ್ಯರಲ್ಲಿ ಪೂರ್ತಿ ಮುಚ್ಚುವವರು ಕಡಿಮೆ. ಗಾಯ ತಾಜಾ ಆಗಿದ್ದು, ಸ್ವಚ್ಛವಾಗಿದ್ದು, ಸೋಂಕಿಲ್ಲವೆಂದು ಖಾತ್ರಿಯಾದ ಕೆಲವು ಸಂದರ್ಭಗಳಿಗೆ ಮಾತ್ರ ಈ ಕ್ರಮ ಉಳಿದಿದೆ. ಮನೆಗಳಲ್ಲಿ ಮಾತ್ರ ಈ ಪಂಥ ಇನ್ನೂ ಬಲವಾಗಿದೆ. ಪೈಪು ಸೋರಿದರೆ ಹಚ್ಚುವ ಎಂ-ಸೀಲ್, ಚಪ್ಪಲಿ ಕಿತ್ತರೆ ಹಾಕುವ ಅಂಟು ನಮ್ಮ ಕೈಗೆ ಮೊದಲು ಸಿಗುತ್ತವೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದರೂ ಮುಂದಿನ ವಾರಗಳಲ್ಲಿ ಆಮೆ ಅದರ ಬೆಲೆ ತೆರುತ್ತದೆ.

ಎರಡನೆಯ ಪಂಥ: ತೆರೆದಿಡಿ, ತೊಳೆಯುತ್ತಿರಿ

ಮುಚ್ಚುವುದರ ಕೆಡುಕು ಕಂಡವರು ಎದುರು ದಿಕ್ಕಿಗೆ ಹೊರಳಿದರು. ಅವರ ದೊಡ್ಡ ಸಾಕ್ಷಿ ಕಾಡಿನ ಆಮೆಗಳು. ಬೆನ್ನಿನ ಮೇಲೆ ಹಳೆಯ ಮುರಿತದ ಉಬ್ಬು ಹೊತ್ತು ಆರೋಗ್ಯವಾಗಿ ಬದುಕಿರುವ ಆಮೆಗಳು ಕ್ಷೇತ್ರಕಾರ್ಯ ಮಾಡುವವರಿಗೆ ಆಗಾಗ ಸಿಗುತ್ತವೆ. ಯಾರೂ ಅಂಟು ಹಾಕದೆ ಅವು ವಾಸಿಯಾಗಿವೆ. ಹಾಗಾದರೆ ನಮ್ಮ ಕೆಲಸ ಗಾಯವನ್ನು ಶುಚಿಯಾಗಿಡುವುದು, ಉಳಿದದ್ದನ್ನು ದೇಹಕ್ಕೆ ಬಿಡುವುದು ಎಂಬುದು ಇವರ ನಿಲುವು.

ಕ್ರಮ ಸರಳವಾದರೂ ತಾಳ್ಮೆ ಬೇಡುತ್ತದೆ. ಸ್ವಚ್ಛ ಸಲೈನಿನಿಂದ ಬಿರುಕನ್ನು ಮತ್ತೆ ಮತ್ತೆ ತೊಳೆಯಬೇಕು. ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ತೆಳುಗೊಳಿಸಿದ ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ಬಳಸಬೇಕು. ಸತ್ತ ಅಂಗಾಂಶವನ್ನು ವೈದ್ಯರು ತೆಗೆಯುತ್ತಾರೆ. ಮೇಲೆ ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು, ಅದರ ಮೇಲೆ ಗಾಜ್ ಬಟ್ಟೆ. ಮೊದಲು ದಿನವೂ, ಆಮೇಲೆ ಅಂತರ ಬಿಟ್ಟು, ಡ್ರೆಸಿಂಗ್ ಬದಲಿಸಬೇಕು.

ಜೇನುತುಪ್ಪವೂ ಈ ಪಂಥದ ಔಷಧವೇ. ಗಾಯಕ್ಕೆ ಜೇನು ಹಚ್ಚುವುದು ಸುಶ್ರುತ ಸಂಹಿತೆಯಷ್ಟು ಹಳೆಯ ತಿಳಿವಳಿಕೆ; ಇಂದು ಆಮೆಗಳ ಗಾಯಕ್ಕೂ ಅದನ್ನು ಬಳಸುತ್ತಾರೆ. ಜೇನು ಗಾಯದ ನೀರನ್ನು ಹೀರಿಕೊಳ್ಳುತ್ತದೆ, ಅದರ ಆಮ್ಲೀಯತೆ ಬ್ಯಾಕ್ಟೀರಿಯಾಕ್ಕೆ ಒಗ್ಗುವುದಿಲ್ಲ. ಆದರೆ ವೈದ್ಯರು ಬಳಸುವುದು ವಿಕಿರಣದಿಂದ ಶುದ್ಧೀಕರಿಸಿದ ಜೇನು. ಅಡುಗೆಮನೆಯ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅಜ್ಜಿಯ ಅರಿಶಿನಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ: ಆಳದ ಬಿರುಕಿಗೆ ಪುಡಿ ತುಂಬಿದರೆ ಅದು ತೊಳೆಯಬೇಕಾದ ಕಸವಾಗಿ ಕೂರುತ್ತದೆ, ಗಾಯದ ನಿಜವಾದ ಬಣ್ಣವೂ ಕಾಣದಂತಾಗುತ್ತದೆ.

ಸೋಂಕನ್ನು ತಡೆಯುವುದು ಹೇಗೆಂದು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಅಲುಗುವ ಚೂರುಗಳ ಬಗ್ಗೆ ಅದರಲ್ಲಿ ಉತ್ತರವಿಲ್ಲ. ಕಾಡಿನಲ್ಲಿ ನಮಗೆ ಸಿಗುವುದು ಬದುಕಿದ ಆಮೆಗಳು ಮಾತ್ರ. ಅದೇ ಗಾಯದಿಂದ ಸತ್ತವು ಎಣಿಕೆಗೇ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮೂರನೆಯ ಪಂಥ: ಹಿಡಿದಿಡಿ, ಮುಚ್ಚಬೇಡಿ

ಇಂದು ಹೆಚ್ಚು ವೈದ್ಯರು ಒಲಿದಿರುವುದು ಎರಡರ ನಡುವಿನ ಈ ದಾರಿಗೆ. ಮೊದಲ ಪಂಥದಿಂದ ಇದು ಮೂಳೆ ಅಲುಗಬಾರದೆಂಬ ಪಾಠ ಕಲಿತಿದೆ, ಎರಡನೆಯದರಿಂದ ಬಿರುಕು ಕಣ್ಣಿಗೆ, ಕೈಗೆ ಸಿಗುವಂತಿರಬೇಕೆಂಬುದನ್ನು.

ವಿಧಾನವನ್ನು ಹತ್ತಿರದಿಂದ ನೋಡೋಣ. ಬಿರುಕನ್ನು ತೊಳೆದು ಕೆಲವು ದಿನ ಸೋಂಕಿಲ್ಲವೆಂದು ನೋಡಿಕೊಂಡ ಮೇಲೆ, ಬಿರುಕಿನ ಎರಡು ದಡಗಳಲ್ಲಿ, ಅಂಚಿನಿಂದ ತುಸು ದೂರದಲ್ಲಿ, ಚಿಪ್ಪನ್ನು ಉಜ್ಜಿ ಒರಟಾಗಿಸುತ್ತಾರೆ. ಅಲ್ಲಿ ಒಂದೊಂದು ಹನಿ ಇಪಾಕ್ಸಿ ಇಟ್ಟು ಸಣ್ಣ ಲೋಹದ ಹುಕ್ಕುಗಳನ್ನು ಕೂರಿಸುತ್ತಾರೆ. ಅಂಟು ಇಲ್ಲಿಯೂ ಇದೆ, ಆದರೆ ಗಾಯದ ಮೇಲಲ್ಲ, ಗಾಯದಿಂದ ದೂರ. ಎದುರುಬದುರು ಹುಕ್ಕುಗಳಿಗೆ ತೆಳು ತಂತಿ ಸುತ್ತಿ ಮೆಲ್ಲಗೆ ಬಿಗಿಯುತ್ತಾರೆ. ಒಂದೇ ದಿನ ಪೂರ್ತಿ ಎಳೆಯದೆ, ಕುಸಿದ ಚೂರು ತನ್ನ ಜಾಗಕ್ಕೆ ಬರುವವರೆಗೆ ದಿನಗಳ ಅಂತರದಲ್ಲಿ ಒಂದೊಂದು ತಿರುವು. ತಂತಿಯ ಕೆಳಗೆ ಬಿರುಕು ತೆರೆದೇ ಇರುತ್ತದೆ. ನಿತ್ಯ ತೊಳೆಯಬಹುದು, ಕೆಂಪಾಗಿದೆಯೇ, ವಾಸನೆ ಬರುತ್ತಿದೆಯೇ ಎಂದು ನೋಡಬಹುದು.

ಸಾಮಗ್ರಿ ಏನೇ ಇರಬಹುದು. ಕೆಲವರು ತಂತಿಯ ಬದಲು ವಯರು ಕಟ್ಟುವ ಕೇಬಲ್ ಟೈ ಬಳಸುತ್ತಾರೆ. ದೊಡ್ಡ ಮುರಿತಕ್ಕೆ ಲೋಹದ ಪಟ್ಟಿ, ಸ್ಕ್ರೂ ಬೇಕಾಗುತ್ತದೆ. ಆಗ ಸ್ಕ್ರೂವಿನ ಉದ್ದವೇ ದೊಡ್ಡ ಚಿಂತೆ, ಏಕೆಂದರೆ ಮೂಳೆಯ ಕೆಳಗೇ ಶ್ವಾಸಕೋಶವಿದೆ. 2018ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಮೃಗಾಲಯದ ವೈದ್ಯರು ಹೊಟ್ಟೆಚಿಪ್ಪು ಹಲವು ಕಡೆ ಒಡೆದಿದ್ದ ಬಾಕ್ಸ್ ಆಮೆಯೊಂದಕ್ಕೆ ಲೋಹದ ಪಟ್ಟಿ, ತಂತಿ, ಹೊಲಿಗೆಯ ಹುಕ್ಕುಗಳನ್ನು ಬಳಸಿ ಶಸ್ತ್ರಚಿಕಿತ್ಸೆ ಮಾಡಿದರು. ಗಾಯ ಹೊಟ್ಟೆಯ ಭಾಗದಲ್ಲಿದ್ದುದರಿಂದ ಅದು ನೆಲಕ್ಕೆ ಉಜ್ಜಬಾರದಿತ್ತು. ಅದಕ್ಕಾಗಿ ಮಕ್ಕಳ ಲೆಗೊ ತುಂಡುಗಳಿಂದ ಪುಟ್ಟ ಗಾಲಿಗಾಡಿ ಮಾಡಿ ಆಮೆಯನ್ನು ಅದರ ಮೇಲೆ ನಡೆದಾಡಲು ಬಿಟ್ಟರು. 2019ರಲ್ಲಿ ನಾರ್ತ್ ಕ್ಯಾರೊಲಿನಾದ ವನ್ಯಜೀವಿ ರಕ್ಷಣಾ ಸಂಸ್ಥೆಯೊಂದು ಜನರ ಬಳಿ ಹಳೆಯ ಬ್ರಾಗಳ ಹುಕ್ಕುಗಳನ್ನು ಕೇಳಿತು. ದೇಶದ ಮೂಲೆಮೂಲೆಯಿಂದ ಹುಕ್ಕುಗಳು ಬಂದವು. ನಮ್ಮಲ್ಲಿ ರವಿಕೆ ಹೊಲಿಯುವವರ ಡಬ್ಬಿಯಲ್ಲಿ ಸಿಗುವ ಹುಕ್ಕೂ ಇದೇ ಕೆಲಸ ಮಾಡಬಲ್ಲದು. ಆದರೆ ಹುಕ್ಕನ್ನು ಎಲ್ಲಿ, ಯಾವಾಗ, ಎಷ್ಟು ಬಿಗಿಯಾಗಿ ಹಾಕಬೇಕೆಂಬುದು ಎಕ್ಸ್‌ರೇ ನೋಡಿ ತೀರ್ಮಾನಿಸಬೇಕಾದ ವೈದ್ಯರ ಕೆಲಸ.

ಈ ದಾರಿಯಲ್ಲೂ ಕೊರತೆಗಳಿವೆ. ಹುಕ್ಕು ಕಳಚಿಬರಬಹುದು, ಸ್ಕ್ರೂವಿನ ರಂಧ್ರ ಹೊಸ ಸೋಂಕಿಗೆ ಬಾಗಿಲಾಗಬಹುದು. ಮೂಳೆ ತೆಳುವಾದ ಮರಿಗಳಿಗೂ, ತೊಗಲಿನಂಥ ಬೆನ್ನಿನ ಮೆದುಚಿಪ್ಪಿನ ಆಮೆಗಳಿಗೂ ಇದು ಹೊಂದುವುದಿಲ್ಲ.

ಹೊಸ ಕವಲುಗಳು

ಚೂರು ಕಳೆದುಹೋಗಿ ಚಿಪ್ಪಿನಲ್ಲಿ ರಂಧ್ರವೇ ಉಳಿದರೆ ಕೂಡಿಸಲು ದಡಗಳೇ ಇರುವುದಿಲ್ಲ. ಅಂಥ ಗಾಯಗಳಿಗಾಗಿ 2005ರ ಹೊತ್ತಿಗೆ ಫ್ಲೋರಿಡಾದ ಪಶುವೈದ್ಯರು ಮನುಷ್ಯರ ಆಸ್ಪತ್ರೆಯ ನಿರ್ವಾತ ಡ್ರೆಸಿಂಗ್ ಅನ್ನು ಆಮೆಗೆ ಅಳವಡಿಸಿದ ಅನುಭವ ಪ್ರಕಟಿಸಿದರು. ಗಾಯದ ಮೇಲೆ ಸ್ಪಂಜು, ಅದರ ಮೇಲೆ ಗಾಳಿಯಾಡದ ಹಾಳೆ, ಸಣ್ಣ ಪಂಪಿನಿಂದ ಸದಾ ಹೀರುವಿಕೆ. ಗಾಯದ ನೀರು ಹೊರಹೋಗಿ ಹೊಸ ಅಂಗಾಂಶ ಬೇಗ ತುಂಬಿಕೊಳ್ಳುತ್ತದೆ ಎಂಬುದು ಇದರ ಆಧಾರ. ಗಟ್ಟಿ ಚಿಪ್ಪಿನ ಮೇಲೆ ಹಾಳೆ ಚೆನ್ನಾಗಿ ಅಂಟುವುದೂ ಒಂದು ಅನುಕೂಲ.

ಬ್ರೆಜಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಚಿಪ್ಪಿನ ಬಹುಭಾಗ ಕಳೆದುಕೊಂಡ ಫ್ರೆಡ್ಡಿ ಎಂಬ ಆಮೆಗೆ ಸ್ವಯಂಸೇವಕರ ತಂಡವೊಂದು ತ್ರೀಡಿ ಮುದ್ರಣದಲ್ಲಿ ಹೊಸ ಚಿಪ್ಪು ಮಾಡಿಕೊಟ್ಟದ್ದು 2016ರ ಹೊತ್ತಿಗೆ ಜಗತ್ತಿನ ಗಮನ ಸೆಳೆಯಿತು. ಆದರೆ ಅಂಥ ಚಿಪ್ಪು ವಾಸಿ ಮಾಡುವುದಿಲ್ಲ, ಕಾಯುತ್ತದೆ ಅಷ್ಟೆ. ಬಾಲ್ಕನಿಯಿಂದ ಬಿದ್ದ ಆಮೆಗೆ ಅದರ ಅಗತ್ಯ ಬೀಳುವುದು ತೀರ ಅಪರೂಪ.

ನೋವು, ಔಷಧ, ಶಾಖ

ಆಮೆ ಕೂಗುವುದಿಲ್ಲ. ಅದರ ನೋವು ಬಹುಕಾಲ ಲೆಕ್ಕಕ್ಕೆ ಬಾರದಿದ್ದುದಕ್ಕೆ ಈ ಮೌನವೂ ಕಾರಣ. 2007ರಲ್ಲಿ ವಿಸ್ಕಾನ್ಸಿನ್‌ನ ಸಂಶೋಧಕರು ರೆಡ್ ಇಯರ್ಡ್ ಸ್ಲೈಡರ್ ಆಮೆಗಳಲ್ಲಿ ನೋವು ನಿವಾರಕಗಳನ್ನು ಪರೀಕ್ಷಿಸಿದರು. ಸರೀಸೃಪಗಳಿಗೆ ಆಗ ಹೆಚ್ಚಾಗಿ ಕೊಡುತ್ತಿದ್ದ ಬ್ಯೂಟಾರ್ಫನಾಲ್ ಅವಕ್ಕೆ ನೋವು ಕಡಿಮೆ ಮಾಡಲಿಲ್ಲ. ಮಾರ್ಫಿನ್ ಮಾಡಿತು, ಆದರೆ ಉಸಿರಾಟವನ್ನು ತಗ್ಗಿಸಿತು. ನೋವು ಕಳೆಯುತ್ತದೆಂದು ನಂಬಿ ಕೊಡುತ್ತಿದ್ದ ಔಷಧ ಕೆಲಸವನ್ನೇ ಮಾಡುತ್ತಿರಲಿಲ್ಲ ಎಂಬುದು ಈ ಕ್ಷೇತ್ರದವರ ಕಣ್ಣು ತೆರೆಸಿತು. ನೋವು ನಿವಾರಕವಿಲ್ಲದ ಚಿಪ್ಪಿನ ಚಿಕಿತ್ಸೆ ಅರ್ಧ ಚಿಕಿತ್ಸೆ ಎಂದು ಈಗ ಎಲ್ಲರೂ ಒಪ್ಪುತ್ತಾರೆ.

ಆಮೆಯ ದೇಹ ಔಷಧವನ್ನು ನಿಧಾನವಾಗಿ ಬಳಸುತ್ತದೆ. ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್ ಅನ್ನು ಮನುಷ್ಯರಿಗೆ ದಿನಕ್ಕೆ ಎರಡು ಮೂರು ಬಾರಿ ಕೊಟ್ಟರೆ, ಆಮೆಗೆ ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ. ನಾಯಿಗೋ ದನಕ್ಕೋ ತಂದಿಟ್ಟ ಔಷಧವನ್ನು ಅಂದಾಜಿನ ಮೇಲೆ ಕೊಡಲೇಬಾರದು. ದನಗಳಿಗೆ ಹುಳುವಿನ ಔಷಧವಾಗಿ ಎಲ್ಲೆಡೆ ಸಿಗುವ ಐವರ್‌ಮೆಕ್ಟಿನ್ ಆಮೆಗೆ ವಿಷ. ಗಾಯದಲ್ಲಿ ಹುಳು ಬಿದ್ದಿದೆಯೆಂದು ಅದನ್ನು ಹಾಕಿದರೆ ಆಮೆ ಪಾರ್ಶ್ವವಾಯು ಬಡಿದು ಸಾಯಬಹುದು.

ಮೂರು ಪಂಥಗಳೂ ಒಪ್ಪುವ ಔಷಧವೊಂದಿದೆ, ಅದು ಶಾಖ. ಆಮೆಯ ರೋಗನಿರೋಧಕ ಶಕ್ತಿ, ಜೀರ್ಣಶಕ್ತಿ, ಮೂಳೆ ಬೆಳೆಯುವ ವೇಗ ಎಲ್ಲವೂ ಹೊರಗಿನ ಉಷ್ಣತೆಯನ್ನು ಅವಲಂಬಿಸಿವೆ. ಬಿಸಿಲು ಕಾಯುವ ಜಾಗ 30 ಡಿಗ್ರಿ ಸೆಲ್ಸಿಯಸ್‌ಗೆ ತುಸು ಮೇಲಿಲ್ಲದಿದ್ದರೆ ಒಳ್ಳೆಯ ಔಷಧವೂ ಅರ್ಧ ಕೆಲಸ ಮಾಡುತ್ತದೆ. ಜೊತೆಗೆ ಕ್ಯಾಲ್ಸಿಯಂ ಇರುವ ಆಹಾರ, ನೇರ ಬಿಸಿಲು ಅಥವಾ ಯುವಿಬಿ ದೀಪ ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಯುವಿಬಿ ಉಳಿಯುವುದಿಲ್ಲ. ನೆರಳಿನ ಗಾಜಿನ ಬೋಗುಣಿಯಲ್ಲಿ ಬೆಳೆದ ಆಮೆಯ ಮೂಳೆ ಮೊದಲೇ ಮೆತ್ತಗಾಗಿರುತ್ತದೆ. ಸಣ್ಣ ಎತ್ತರದಿಂದ ಬಿದ್ದರೂ ಅದು ಒಡೆಯುವುದೂ, ಒಡೆದದ್ದು ಕೂಡದಿರುವುದೂ ಇದರಿಂದಲೇ.

ಸಮಯದ ಮಾತಿಗೆ ಬಂದರೆ, ನಮ್ಮ ಕೈಮೂಳೆ ವಾರಗಳಲ್ಲಿ ಕೂಡುತ್ತದೆ, ಆಮೆಯ ಚಿಪ್ಪಿಗೆ ತಿಂಗಳುಗಳು ಬೇಕು. ದೊಡ್ಡ ಮುರಿತಕ್ಕೆ ವರ್ಷ ದಾಟಬಹುದು. ಆರೈಕೆ ಮಾಡುವವರು ಮೊದಲ ದಿನವೇ ಇದನ್ನು ತಿಳಿದಿದ್ದರೆ ಎರಡನೇ ತಿಂಗಳಲ್ಲಿ ಸೋತುಹೋಗುವುದಿಲ್ಲ.

ಮೊದಲ ಗಂಟೆಗಳು: ಭಿನ್ನಮತವಿಲ್ಲದ ಜಾಗ

ಬಿದ್ದ ಕೂಡಲೇ ಮಾಡಬೇಕಾದದ್ದರ ಬಗ್ಗೆ ಪಂಥಗಳ ನಡುವೆ ಜಗಳವಿಲ್ಲ. ಆಮೆಯನ್ನು ನೀರಿಗೆ ಬಿಡಬೇಡಿ. ಬಿರುಕಿನಿಂದ ನೀರು ಒಳಹೋಗಬಹುದು, ಬಲಗುಂದಿದ ಆಮೆ ಮುಳುಗಲೂಬಹುದು. ರಕ್ತ ಬರುತ್ತಿದ್ದರೆ ಸ್ವಚ್ಛ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿಹಿಡಿಯಿರಿ, ಚೂರು ಕುಸಿದ ಕಡೆ ಮಾತ್ರ ಒತ್ತಬೇಡಿ. ಬಿದ್ದ ಚೂರುಗಳನ್ನು ಸಲೈನಿನಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಹಳೆಯ ಹತ್ತಿಬಟ್ಟೆ ಹಾಸಿದ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬೆಚ್ಚಗಿನ ಕತ್ತಲೆಯಲ್ಲಿ ಇಡಿ. ನೊಣ, ಇರುವೆಯಿಂದ ಕಾಪಾಡಿ. ನಮ್ಮ ಹವೆಯಲ್ಲಿ ತೆರೆದ ಗಾಯಕ್ಕೆ ನೊಣ ಮೊಟ್ಟೆಯಿಡಲು ಕೆಲವು ಗಂಟೆ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಅದು ಹೊಸ ಅಂಗಾಂಶವನ್ನೂ ಸುಡುತ್ತದೆ. ಆಮೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಆಮೆಗಳು ಹೊತ್ತಿರುವ ಸಾಲ್ಮೊನೆಲ್ಲಾದಿಂದ ಮಕ್ಕಳು ಕಾಯಿಲೆ ಬಿದ್ದದ್ದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು.

ಆಮೇಲೆ ಸರೀಸೃಪಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಬಳಿಗೆ ಹೋಗಬೇಕು. ಆಮೆ ಅಲುಗದೆ, ತಣ್ಣಗಿದ್ದರೂ ಸತ್ತಿದೆಯೆಂದು ಮನೆಯಲ್ಲೇ ತೀರ್ಮಾನಿಸಬೇಡಿ. ಆಮ್ಲಜನಕವಿಲ್ಲದೆ ಬಹಳ ಹೊತ್ತು ತಾಳುವ ಜೀವಿ ಅದು.

ಕಾನೂನಿನ ಹೆದರಿಕೆ

ನಮ್ಮಲ್ಲಿ ಚಿಕಿತ್ಸೆ ತಡವಾಗಲು ಇನ್ನೊಂದು ಕಾರಣವಿದೆ. ಅದೃಷ್ಟ ತರುತ್ತದೆಂದು ಕೆಲವು ಮನೆಗಳಲ್ಲಿ ಸಾಕುವ ನಕ್ಷತ್ರ ಆಮೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಾಕುಪ್ರಾಣಿ ಎಂದು ಒಪ್ಪುವುದಿಲ್ಲ. 2022ರ ತಿದ್ದುಪಡಿ ಅದನ್ನು ಮೊದಲ ಅನುಸೂಚಿಗೇ ಸೇರಿಸಿತು. 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವೂ ಅದರ ವ್ಯಾಪಾರಕ್ಕೆ ಅತಿ ಬಿಗಿಯಾದ ತಡೆ ಹಾಕಿತ್ತು. ಅಂಥ ಆಮೆ ಬಿದ್ದು ಗಾಯಗೊಂಡರೆ ಮನೆಯವರು ಹೆದರಿ ಬಚ್ಚಿಡುತ್ತಾರೆ, ಗಾಯ ಕೊಳೆಯುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಆ ಜೀವಕ್ಕೆ ಮಾಡುವ ನ್ಯಾಯ.

ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ರೆಡ್ ಇಯರ್ಡ್ ಸ್ಲೈಡರ್ ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಆಮೆ. ವಿಶ್ವದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಒಡೆದ ಚಿಪ್ಪಿನ ಆರೈಕೆ ಸಾಕಾಗಿ ಅದನ್ನು ಕೆರೆಗೆ ಬಿಟ್ಟರೆ ಆಮೆಗೂ ಹಿಂಸೆ, ಕೆರೆಯ ನಮ್ಮ ಆಮೆಗಳಿಗೂ ಹಾನಿ.

ಇನ್ನೂ ಇತ್ಯರ್ಥವಾಗದ್ದು

ಇಷ್ಟೆಲ್ಲ ನಡೆದರೂ ಕೆಲವು ಪ್ರಶ್ನೆಗಳು ತೆರೆದೇ ಇವೆ.

ಮೊದಲನೆಯದು ನೀರು. ಗಾಯಗೊಂಡ ನೀರಾಮೆಯನ್ನು ಎಷ್ಟು ದಿನ ಒಣಗಿಸಿಡಬೇಕು? ಹೆಚ್ಚಿನವು ನೀರಿನಲ್ಲಿದ್ದಾಗ ಮಾತ್ರ ನುಂಗಬಲ್ಲವು, ಒಣಗಿಸಿಟ್ಟಷ್ಟೂ ಹಸಿವು, ನಿರ್ಜಲೀಕರಣ. ನೀರಿಗೆ ಬಿಟ್ಟಷ್ಟೂ ಸೋಂಕಿನ ಭಯ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಶುದ್ಧ ಬೆಚ್ಚನೆ ನೀರಿಗೆ ಬಿಟ್ಟು, ಆಮೇಲೆ ಗಾಯ ಒರೆಸಿ ಡ್ರೆಸಿಂಗ್ ಮಾಡುವುದು ಹಲವರ ರೂಢಿ. ಆ ‘ಸ್ವಲ್ಪ ಹೊತ್ತು’ ಎಷ್ಟೆಂಬುದು ವೈದ್ಯರಿಂದ ವೈದ್ಯರಿಗೆ ಬದಲಾಗುತ್ತದೆ.

ಎರಡನೆಯದು ಆ್ಯಂಟಿಬಯಾಟಿಕ್. ಪ್ರತಿ ಬಿರುಕಿಗೂ ಬೇಕೆ, ಸೋಂಕು ಕಂಡ ಮೇಲೆ ಸಾಕೆ? ಹಿಂಗಾಲಿಗೆ ಚುಚ್ಚಿದ ಔಷಧ ಮೂತ್ರಪಿಂಡದ ದಾರಿಯಲ್ಲಿ ಬೇಗ ಹೊರಹೋಗುತ್ತದೆಂದು ಮುಂಗಾಲಿಗೇ ಚುಚ್ಚುವ ಹಳೆಯ ನಿಯಮವಿದೆ. 1990ರ ದಶಕದಲ್ಲಿ ಸ್ಲೈಡರ್ ಆಮೆಗಳ ಮೇಲೆ ನಡೆದ ಅಧ್ಯಯನದಲ್ಲಿ ಪರೀಕ್ಷಿಸಿದ ಔಷಧಗಳ ಮಟ್ಟಿಗೆ ಈ ವ್ಯತ್ಯಾಸ ಚಿಕಿತ್ಸೆಯನ್ನು ಬದಲಿಸುವಷ್ಟಿರಲಿಲ್ಲ. ಆದರೂ ನಿಯಮ ಬಿಡಲು ವೈದ್ಯರು ಹಿಂಜರಿಯುತ್ತಾರೆ.

ಮೂರನೆಯದು ಹೋಲಿಕೆಯ ಕೊರತೆ. ಚಿಪ್ಪಿನ ಚಿಕಿತ್ಸೆಯ ಬರಹಗಳು ಹೆಚ್ಚಾಗಿ ಒಂದೆರಡು ಆಮೆಗಳ ಅನುಭವಗಳು. ಒಂದೇ ಬಗೆಯ ಮುರಿತವಿರುವ ಆಮೆಗಳನ್ನು ಗುಂಪು ಮಾಡಿ ಹುಕ್ಕು, ತೆರೆದ ಡ್ರೆಸಿಂಗ್, ನಿರ್ವಾತ ಡ್ರೆಸಿಂಗ್‌ಗಳನ್ನು ಎದುರುಬದುರು ತೂಗುವ ಕೆಲಸ ನಡೆದಿರುವುದು ಕಡಿಮೆ. ಪ್ರತಿ ಬಿರುಕೂ ಬೇರೆಯಾದ್ದರಿಂದ ಅದು ಸುಲಭವೂ ಅಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಭಾರವಾದದ್ದು: ಯಾವಾಗ ನಿಲ್ಲಿಸಬೇಕು? ಬೆನ್ನುಹುರಿ ತುಂಡಾದ ಆಮೆ ಹಿಂಗಾಲು ಎಳೆದುಕೊಂಡು ವರ್ಷಗಟ್ಟಲೆ ಬದುಕಬಲ್ಲದು. ದೋಣಿಯ ಪೆಟ್ಟು ತಿಂದ ಕಡಲಾಮೆಗಳನ್ನು 1986ರಿಂದ ನೋಡಿಕೊಳ್ಳುತ್ತಿರುವ ಫ್ಲೋರಿಡಾ ಕೀಸ್‌ನ ಆಮೆ ಆಸ್ಪತ್ರೆಯಲ್ಲಿ, ಚಿಪ್ಪು ಕೂಡಿದ ಮೇಲೂ ದೇಹದಲ್ಲಿ ಗಾಳಿ ಸಿಕ್ಕಿಕೊಂಡು ಮುಳುಗಲಾರದ ಆಮೆಗಳಿವೆ. ಅವುಗಳ ಬೆನ್ನಿಗೆ ತೂಕ ಅಂಟಿಸಿ ಸಮತೋಲ ಕೊಡುತ್ತಾರೆ, ಮತ್ತೆ ಕಡಲಿಗೆ ಬಿಡುವಂತಿಲ್ಲ. ಇದು ಬದುಕೇ, ಬರೀ ಉಳಿವೇ? ಮುಖದಲ್ಲಿ ನೋವು ತೋರಿಸದ ಜೀವಿಯ ಪರವಾಗಿ ಇದಕ್ಕೆ ಉತ್ತರ ಹೇಳುವ ಅಳತೆಗೋಲು ನಮ್ಮ ಬಳಿ ಇನ್ನೂ ಇಲ್ಲ.

ಕಟ್ಟೆಯಿಂದ ಬಿದ್ದ ಆಮೆಯ ಮನೆಗೆ ಮರಳಿದರೆ, ಅಲ್ಲಿನ ಮೂರು ಸಲಹೆಗಳಲ್ಲೂ ಒಂದೊಂದು ತುಣುಕು ನಿಜವಿದೆ. ಬಿರುಕು ಅಲುಗಬಾರದು, ಕೂಡಿಸುವುದು ದೇಹವೇ, ಅದಕ್ಕೆ ತಿಳಿದವರ ಕೈ ಬೇಕು. ಅಂಟಿನ ಟ್ಯೂಬನ್ನು ಕೆಳಗಿಟ್ಟು ರಟ್ಟಿನ ಪೆಟ್ಟಿಗೆಯನ್ನು ಎತ್ತಿಕೊಂಡವರು ಇಷ್ಟನ್ನೂ ಆಗಲೇ ಒಪ್ಪಿಕೊಂಡಂತಾಯಿತು. ಮುಂದಿನ ಯುಗಾದಿಗೆ ಆ ಗೆರೆಯ ಮೇಲೆ ಹೊಸ ಕೆರಾಟಿನ್ನಿನ ತೆಳು ಪದರ ಮೂಡಿರಬಹುದು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಗಾಜ್ ಬದಲಿಸುವ ಕೈಗಳು ದಣಿಯದಿರಲಿ.